ಮಗಳ ಫೋನು ಬರುವ ಹೊತ್ತಿಗೆ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಒಂದೇ ಫೋನನ್ನು ದಿಟ್ಟಿಸುತ್ತಿದ್ದರು.

“ಮಗಳು ಫೋನ್ ಮಾಡೋ ಹೊತ್ತಲ್ಲೇ ಅಪ್‌ಡೇಟ್ ಒತ್ತಬೇಕಿತ್ತಾ? ಕೈ ಸುಮ್ನಿರಲ್ವಾ ನಿಮಗೆ?”

“ಈ ಫೋನಲ್ಲಿ ಯಾರ ಜೊತೆ ಮಾತಾಡಿದ್ರೂ ಕಟ್ಟಾಗ್ತಿತ್ತಲ್ಲೇ. ಈ ಸಲವಾದ್ರೂ ಅವಳು ಹೇಳೋದನ್ನ ಪೂರ್ತಿ ಕೇಳೋಣ ಅಂತ.”

“ಎರಡು ವರ್ಷದಿಂದ ಮಾತು ಬಿಟ್ಟವಳು, ಇವತ್ತು ತಾನಾಗೇ ಫೋನ್ ಮಾಡ್ತೀನಿ ಅಂದಿದ್ದಾಳೆ. ಬೇಕಂತಲೇ ಆಫ್ ಮಾಡಿದ್ರು ಅಂದ್ಕೋತಾಳೆ.”

“ಹೆದರಿಸ್ಬೇಡ. ಹಾಂ, ಆನ್ ಆಯ್ತು... ನೆಟ್‌ವರ್ಕೇ ಇಲ್ವಲ್ಲೇ!”

“ಏರೋಪ್ಲೇನ್ ಮೋಡ್ ಹಾಕಿ ತೆಗೀರಿ.”

“ತೆಗ್ದೆ. ಊಹೂಂ.”

“ಕಿಟಕಿ ಹತ್ರ ಬನ್ನಿ.”

ಕಿಟಕಿ ತಲುಪುವ ಮೊದಲೇ ಫೋನ್ ಬಡಿದುಕೊಂಡಿತು. ಅವರು ಅದನ್ನು ಹೆಂಡತಿಯತ್ತ ಚಾಚಿದರು.

“ನೀನೇ ಮಾತಾಡು.”

“ನನ್ನ ಫೋನೂ ಬ್ಯಾಗಲ್ಲೇ ಇದೆ ಕಣ್ರೀ. ಅವಳು ಮಾಡಿರೋದು ನಿಮಗೆ.”

ಅವರು ಫೋನನ್ನು ಕಿವಿಗೊತ್ತಿಕೊಂಡು ಮೆಟ್ಟಿಲಿಳಿದರು. ಆಕೆಯೂ ಹಿಂದೆಯೇ ಹೋದರು. ಸರದಿ ಬಂತೆಂದು ಒಳಗಿನಿಂದ ಅವರನ್ನು ಕೂಗಿದರು. ಇಬ್ಬರೂ ತಿರುಗಲಿಲ್ಲ.