ನೂರಾಳ ಬಾಯಲ್ಲಿ ಎಳ್ಳುಂಡೆ

...ಅದು ಬರೀ ಪುಸ್ತಕದ ಕಥೆ ಅಂತ ತಿಳ್ಕೊಳ್ಬೇಡ ಮಗಾ. ಯೆಹೂದಿ ಹುಡುಗಿಯನ್ನು ಪಕ್ಕದ ಮನೆಯವಳು ತನ್ನ ಮಗಳು ಅಂತ ಹೇಳಿ ರೈಲು ಹತ್ತಿಸಿದ್ದು ಓದಿದೆಯಲ್ಲ, ನಮ್ಮ ಪಕ್ಕದ ಮನೆ ರೂತ್ ಅಜ್ಜಿಗೂ ಚಿಕ್ಕವರಿದ್ದಾಗ ಹಾಗೇ ಆದದ್ದು. ಮೊನ್ನೆ ಮನೆ ಹಿಂದಿನ ಇದೇ ಮರದ ಡೆಕ್ಕಲ್ಲಿ ಕೂತು ಹೇಳಿದ್ರು, ಅವರ ಚಾ ಪೂರಾ ತಣ್ಣಗಾಯ್ತು, ಪಾಪ. ನಾನೂ ಒಬ್ಬಳನ್ನು ಹಾಗೆ ಕರ್ಕೊಂಡು ಬಂದವಳೇ ಅಂದೆ.

ಕುವೈತಲ್ಲಿ. ನಿನ್ನ ಅಮ್ಮ ಆಗ ಉಡುಪಿಯಲ್ಲಿ ಶಾಲೆಗೆ ಹೋಗ್ತಿದ್ಲು, ನಾನೂ ನಿನ್ನ ಅಜ್ಜನೂ ಅಲ್ಲಿ. ಇರಾಕಿನ ಸೈನ್ಯ ಬಂತು ನೋಡು, ಅಂಗಡಿಯಲ್ಲಿ ಬ್ರೆಡ್ಡಿಲ್ಲ, ಹಾಲಿಲ್ಲ, ಎಂತದೂ ಇಲ್ಲ. ನಮ್ಮಂಥ ಇಂಡಿಯಾದವರನ್ನು ಜೋರ್ಡಾನ್ ದಾರಿಯಲ್ಲಿ ಊರಿಗೆ ಹೋಗ್ಲಿಕ್ಕೆ ಬಿಡ್ತಿದ್ರು, ಕುವೈತಿನವರನ್ನು ಬಿಡ್ತಿರಲಿಲ್ಲ. ಎದುರು ಫ್ಲ್ಯಾಟಿನ ನೂರಾ, ನಿನ್ನಷ್ಟೇ ಹುಡುಗಿ, ಅವಳ ಅಪ್ಪ ಪೊಲೀಸು, ಅವನನ್ನು ಹಿಡ್ಕೊಂಡು ಹೋಗಿದ್ರು. ಅವಳ ಅಮ್ಮ ಬಂದು ನನ್ನ ಕೈ ಹಿಡ್ಕೊಂಡ್ಲು. "ಜೋರ್ಡಾನಲ್ಲಿ ನನ್ನ ತಂಗಿ ಇದ್ದಾಳೆ, ಮಗುವನ್ನು ಅಲ್ಲಿಗೆ ಮುಟ್ಟಿಸ್ತೀಯಾ? ನನ್ನ ಗಂಡ ಬರುವವರೆಗೆ ನಾನು ಈ ಮನೆ ಬಿಡುವುದಿಲ್ಲ."

ಆಗೆಲ್ಲ ಮಕ್ಕಳ ಹೆಸರು ತಾಯಿಯ ಪಾಸ್‌ಪೋರ್ಟಲ್ಲೇ ಬರೀತಿದ್ರು, ಗೊತ್ತುಂಟಾ? ನನ್ನದರಲ್ಲಿ ನಿನ್ನ ಅಮ್ಮನ ಹೆಸರಿತ್ತು, ಅದೇ ಹೆಸರಲ್ಲಿ ನೂರಾಳನ್ನು ಕರ್ಕೊಂಡು ಹೋಗ್ತೇನೆ ಅಂದೆ. ಅಜ್ಜ ಹೇಳಿದ್ರು, "ನಿಂಗೆ ಮರ್ಲಾ, ತಲೆ ಕೆಟ್ಟಿದೆಯಾ ಮಾರಾಯ್ತಿ? ಸಿಕ್ಕಿಬಿದ್ರೆ ಮೂರು ಜನವೂ ಮುಗೀತು." ಹಾಗೆ ಹೇಳಿದವರೇ ಅವಳ ಚೀಲ ಹೊತ್ಕೊಂಡು ಮೆಟ್ಟಿಲಿಳಿದ್ರು.

ನಾನು ಅವಳ ತಲೆಗೆ ತೆಂಗಿನೆಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಬೊಟ್ಟಿಟ್ಟು, ನಿನ್ನ ಅಮ್ಮ ರಜೆಯಲ್ಲಿ ಬಂದಾಗ ಬಿಟ್ಟುಹೋದ ಹಳೇ ಲಂಗ ಉಡಿಸಿದೆ. ನಮ್ಮ ಹುಡುಗಿಯೇ! ಆದ್ರೆ ಬಾಯಿ ಬಿಟ್ರೆ ಅರಬಿ, ಅದಕ್ಕೆಂತ ಮಾಡುವುದು? ಬಸ್ಸಲ್ಲಿ, ಸೆಕೆಯೋ ಸೆಕೆ, ಎರಡನೇ ಚೆಕ್‌ಪೋಸ್ಟಲ್ಲಿ... ಅಲ್ಲ, ಮೂರನೆಯದು ಇರ್ಬೇಕು, ಒಬ್ಬ ಸೈನಿಕ ಹತ್ತಿದ. ಮೀಸೆ ಕೂಡ ಸರಿ ಬಂದಿರಲಿಲ್ಲ. ಪಾಸ್‌ಪೋರ್ಟ್ ನೋಡಿ, ಬಗ್ಗಿ, ನಿನ್ನ ಹೆಸರೆಂತ ಅಂತ ಅರಬಿಯಲ್ಲೇ ಮುದ್ದಾಗಿ ಕೇಳಿದ. ಅವಳ ತುಟಿ ತೆರೀತು. ನಾನು ದಾರಿಗೆ ಅಂತ ತಂದ ಡಬ್ಬಿಯಿಂದ ಒಂದು ಇಡೀ ಎಳ್ಳುಂಡೆ ಅವಳ ಬಾಯಿಗೆ ತುರುಕಿದೆ.

ಅವನು ಮತ್ತೆ ಕೇಳಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ತಲೆ ಅಲ್ಲಾಡಿಸಿದ್ಲು. ಯಾಕೆ ಹೇಳು? ದಿನಾ ಸಂಜೆ ನಮ್ಮಲ್ಲೇ ತಿಂಡಿ ತಿಂತಿದ್ದವಳು, ಬಾಯಲ್ಲಿ ತಿಂಡಿ ಇಟ್ಕೊಂಡು ಮಾತಾಡಿದ್ರೆ ನಾನು ಬೈತೇನೆ ಅಂತ ಅವಳಿಗೆ ಗೊತ್ತು. ಆ ಹುಡುಗ ನಕ್ಕ. ನನ್ನ ಕಡೆ ನೋಡಿ, ನಮ್ಮಮ್ಮನೂ ನಿನ್ನ ಹಾಗೇ ಅಂದ. ಕೈ ಚಾಚಿದ, ಅವನಿಗೂ ಒಂದು ಕೊಟ್ಟೆ. ಇಳಿದು ಹೋದ.

ಜೋರ್ಡಾನಲ್ಲಿ ಅವಳ ಚಿಕ್ಕಮ್ಮನ ಕೈಗೆ ಒಪ್ಪಿಸುವಾಗ ನೂರಾ ನನ್ನ ಸೆರಗು ಬಿಡ್ಲೇ ಇಲ್ಲ. ಯುದ್ಧ ಮುಗಿದ ಮೇಲೆ ಅವಳಮ್ಮ ಬಂದು ಕರ್ಕೊಂಡು ಹೋದ್ಲಂತೆ. ಅಪ್ಪನ ಸುದ್ದಿ ಮಾತ್ರ ಸಿಗಲೇ ಇಲ್ಲ.

ಎಂತ, "ವರ್ ಯು ಸ್ಕೇರ್ಡ್"? ಹೆದರದೆ ಮತ್ತೆ, ಜೋರ್ಡಾನ್ ಮುಟ್ಟುವವರೆಗೆ ಆ ಡಬ್ಬಿಯ ಮುಚ್ಚಳ ಹಾಕ್ಲಿಲ್ಲ ಮಗಾ. ನನ್ನ ಧೈರ್ಯ ಎಂತದೂ ಇಲ್ಲ ಅದ್ರಲ್ಲಿ. ಆ ಮಗು ಮೊದಲೇ ನಮ್ಮನೆಯಲ್ಲಿ ತಿಂದು ಬೈಸಿಕೊಂಡಿತ್ತಲ್ಲ, ಅದೇ ಉಳಿಸಿದ್ದು. ಅಕ್ಕಪಕ್ಕದವರ ಜೊತೆ ಕಷ್ಟ ಬರುವ ಮೊದಲೇ ಬಳಕೆ ಇರ್ಬೇಕು, ಅಷ್ಟೇ. ಏಳು, ಈ ಎಳ್ಳುಂಡೆ ಡಬ್ಬಿ ರೂತ್ ಅಜ್ಜಿಗೆ ಕೊಟ್ಟು ಬಾ. ಬೆಲ್ ಒತ್ತಿ, ಬಾಗಿಲಲ್ಲಿಟ್ಟು ಓಡಿ ಬರ್ಬೇಡ. ಒಳಗೆ ಹೋಗಿ ಕೂತ್ಕೋ.