ಎಡಗಡೆಯದು ನನ್ನ ಮೆದುಳು

ಸಭಾಧ್ಯಕ್ಷರೇ, ಸನ್ಮಾನದ ಹೂಗುಚ್ಛ ಹಿಡಿದು ಕುಳಿತಿರುವ ಡಾಕ್ಟರ್ ರಾವ್ನ್‌ಕಿಲ್ಡೆ ಅವರೇ, ಒಂದೇ ಬಣ್ಣದ ಸ್ವೆಟರಿನಲ್ಲಿ ಜೋಡಿ ಜೋಡಿಯಾಗಿ ಬಂದು ಹೆಂಡಿರನ್ನೂ ಗಲಿಬಿಲಿಗೊಳಿಸಿರುವ ಸ್ವೆಂಡ್ಬೋರ್ಗ್ ಅವಳಿ ಸಂಘದ ಸಭಿಕರೇ,

ನನ್ನ ಪಕ್ಕದ ಕುರ್ಚಿ ಖಾಲಿಯಿದೆ. ನನ್ನ ಅವಳಿ ಟೋರ್ಕಿಲ್ ಬಂದಿಲ್ಲ. ಯಾಕೆಂದು ಕೇಳುವ ಹಕ್ಕು ನಿಮಗಿದೆ, ಹೇಳುವ ಸೊಕ್ಕು ನನಗಿದೆ.

ನನ್ನ ಹಿಂದಿನ ದೊಡ್ಡ ಚಿತ್ರ ನೋಡಿ. ಎಡಗಡೆ ನನ್ನ ಮೆದುಳು, ಬಲಗಡೆ ಟೋರ್ಕಿಲ್‌ನದು. ಸಿಡುಕು ಮುಖಗಳನ್ನು ತೋರಿಸಿದಾಗ ಎರಡರಲ್ಲೂ ಒಂದೇ ಜಾಗ ಕೆಂಪಾಗಿದೆ. ಡಾಕ್ಟರ ಅಧ್ಯಯನದ ಅರವತ್ತು ಅವಳಿ ಜೋಡಿಗಳಲ್ಲಿ ಇಂಥ ಹೋಲಿಕೆ ಇನ್ನೊಂದಿಲ್ಲವಂತೆ. ಡಾಕ್ಟರು ರೇಡಿಯೊದಲ್ಲಿ ನಮ್ಮ ಹೆಸರು ಹಿಡಿದೇ ಹೇಳಿದರು: "ಸಿಟ್ಟು ವಂಶದಿಂದ ಬರುತ್ತೆ. ಒಬ್ಬ ತೋರಿಸ್ತಾನೆ, ಇನ್ನೊಬ್ಬ ಅದುಮಿಟ್ಕೋತಾನೆ."

ಅದುಮಿಡುವವನೇ ನಮ್ಮ ಟೋರ್ಕಿಲ್? ಕಳೆದ ಕ್ರಿಸ್‌ಮಸ್ಸಿನಲ್ಲಿ ಆಲೂಗಡ್ಡೆ ಬೆಂದಿಲ್ಲವೆಂದು ನಾನು ಹೆರಿಂಗ್ ಮೀನಿನ ತಟ್ಟೆಯನ್ನು ಗೋಡೆಗೆಸೆದೆ. ಒರೆಸಿದವನು ಅವನು. "ಬಿಡೋ ಏಸ್ಬೆನ್, ಗೋಡೆಗೂ ಹಬ್ಬದೂಟ ಆಯ್ತು" ಅಂದ. ಇಂಥವನ ತಲೆಯಲ್ಲಿ ಕೆಂಡ ಹುಡುಕುವುದೇ? ಅಜ್ಜನ ಜಗಳ ಮೊಮ್ಮಗನ ಜಾತಕವೇ? ಬಣ್ಣ ತುಂಬಿದ ಚಿತ್ರ ಮನುಷ್ಯನ ಚರಿತ್ರೆಯೇ?

ಆ ರೇಡಿಯೊ ಕೇಳಿದ ಮೇಲೆ ಅವನ ಮಗಳು ಸಿಗ್ನೆ, ಅಗೋ, ಹಿಂದಿನ ಸಾಲಿನಲ್ಲಿದ್ದಾಳೆ, ತನ್ನ ಐದು ತಿಂಗಳ ಕೂಸನ್ನು ಅವನ ಬಳಿ ಬಿಡುತ್ತಿಲ್ಲ. "ನಿನ್ ಮೇಲೆ ಅನುಮಾನ ಅಲ್ಲಪ್ಪ. ಒಳಗಿರೋದು ಯಾವತ್ತಾದ್ರೂ ಹೊರಗೆ ಬಂದ್ರೆ?" ಅಂದಳಂತೆ. ಕೂಸಿಗೆಂದು ಅವನು ಹೆಣೆದ ಪುಟ್ಟ ಟೋಪಿ ಅವನ ಮನೆಯ ಮೇಜಿನ ಮೇಲೇ ಇದೆ. ಅದಕ್ಕೂ ಅವನಿಗೆ ಸಿಟ್ಟಿಲ್ಲ.

ನನಗಿದೆ. ಡಾಕ್ಟರ ಮೇಲೆ ಎಂದುಕೊಂಡೇ ಭಾಷಣ ಬರೆದುಕೊಂಡು ಬಂದೆ. ಇನ್ನೂ ಎರಡು ಹಾಳೆಯಿದೆ, ಬೈಗುಳವೆಲ್ಲ ಪ್ರಾಸಬದ್ಧವಾಗಿದೆ. ಓದುವುದಿಲ್ಲ.

ಟೋರ್ಕಿಲ್ ಲಿಫ್ಟು ಕೂಡ ಹತ್ತದವನು. ಮೆದುಳಿನ ಚಿತ್ರ ತೆಗೆಯುವ ಆ ಯಂತ್ರದ ಸುರಂಗ ನೋಡಿ, "ನನ್ ಕೈಲಾಗಲ್ಲ ಕಣೋ" ಅಂದ. ಜೋಡಿ ಬಿಟ್ಟು ಒಬ್ಬನೇ ಬಂದರೆ ಅಧ್ಯಯನದಲ್ಲಿ ಜಾಗವಿರಲಿಲ್ಲ. ನನಗೆ ಹೆಸರಿನ ಆಸೆ. ನಮ್ಮ ಹಳದಿ ಆರೋಗ್ಯ ಕಾರ್ಡಿನಲ್ಲಿ ಫೋಟೋ ಇರುವುದಿಲ್ಲ, ಡಾಕ್ಟರೇ. ಇದ್ದರೂ ನಿಮಗೆ ತಿಳಿಯುತ್ತಿರಲಿಲ್ಲ. ಸೋಮವಾರ ನನ್ನ ಕಾರ್ಡು ಕೊಟ್ಟು ಮಲಗಿದೆ, ಗುರುವಾರ ಅವನದು. ಎರಡೂ ನನ್ನ ಮೆದುಳೇ.

ಮಗಳಿಗಾದರೂ ನಿಜ ಹೇಳೋ ಎಂದರೆ, "ನಿನ್ ಮರ್ಯಾದೆ ಹೋಗತ್ತಲ್ಲೋ" ಅಂದ.

ಸಿಗ್ನೆ, ಎದ್ದೆಯಾ? ಹೋಗಮ್ಮ, ಕೂಸನ್ನು ಅಪ್ಪನ ಹತ್ತಿರ ಕರೆದುಕೊಂಡು ಹೋಗು. ಉಳಿದವರು ಕೂತು ಕೇಳಿದ್ದಕ್ಕೆ ವಂದನೆ. ನಮಸ್ಕಾರ.