ಹತ್ತನೆಯ ಬಟ್ಟೆ

ಬಾಗಿಲ ಚಿಲಕ ಹಾಕಿದೆಯಾ ನೋಡಿ ಬನ್ನಿ. ಹಾಂ... ಈಗ ಹೇಳುತ್ತೇನೆ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಮನೆಮಂದಿಯೆಲ್ಲ ಅವಳನ್ನು ನರ್ಸಕ್ಕ ಅಂತಲೇ ಕರೆಯುವುದು. ಹದಿನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವಳು. ರಕ್ತ, ಕೀವು ಯಾವುದಕ್ಕೂ ಮೂಗು ಮುರಿಯುವವಳಲ್ಲ. ಥಿಯೇಟರಿನಿಂದ ಬಂದು ಕೈ ತೊಳೆದು ನೇರ ಊಟಕ್ಕೆ ಕೂರುವ ಗಟ್ಟಿಗಿತ್ತಿ. ಅಂಥವಳು ಇದನ್ನು ನಮಗೆ ಹೇಳಿದ ರಾತ್ರಿ, ತಟ್ಟೆ ಮುಂದಿಟ್ಟುಕೊಂಡು ಒಂದು ತುತ್ತೂ ಮುಟ್ಟಲಿಲ್ಲ.

ಅವತ್ತು ಅವಳದು ಎರಡನೇ ಪಾಳಿ. ಕೆಲಸ ಮುಗಿಸಿ ಹೊರಬೀಳುವಾಗ ಹನ್ನೊಂದು ದಾಟಿತ್ತು. ಆಸ್ಪತ್ರೆಯ ಹಿಂದಿನ ಗೇಟಿನಿಂದ ಹೋದರೆ ಮನೆಗೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಮೊದಲು ಬಟ್ಟೆ ಒಗೆಯುವ ಶೆಡ್ಡು, ಅದನ್ನು ದಾಟಿದರೆ ಒಂದು ಬತ್ತಿದ ಬಾವಿ. ನೀರು ಹೋಗಿ ಎಷ್ಟೋ ವರ್ಷವಾಯಿತು. ಮುರಿದ ಮಂಚ, ತುಕ್ಕು ಹಿಡಿದ ಟ್ರೇ, ಕಾಲಿಲ್ಲದ ಸ್ಟೂಲು, ಆಸ್ಪತ್ರೆಗೆ ಬೇಡವಾದದ್ದೆಲ್ಲ ಅದರೊಳಗೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ.

ಬಾವಿಯ ಹತ್ತಿರ ಬಂದಳು. ಚಪ್ಪಲಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಪಚ್...

ನಿಂತಳು.

ಕಪ್ಪೆಯೋ ಇಲಿಯೋ ಅಂದುಕೊಳ್ಳೋಣ ಅಂದರೆ ಅವಳ ಕಿವಿ ಒಪ್ಪಲಿಲ್ಲ. ರಕ್ತದಲ್ಲಿ ನೆನೆದ ಬಟ್ಟೆ ಸ್ಟೀಲ್ ಬೇಸಿನ್ನಿಗೆ ಬೀಳುವ ಸದ್ದು ಅದು. ಮೊದಲು ಪಚ್ ಅನ್ನುತ್ತದೆ, ಅದರ ಹಿಂದೆಯೇ ಲೋಹ ಸಣ್ಣಗೆ ಗುಂಯ್ ಅನ್ನುತ್ತದೆ. ನಿದ್ದೆಯಲ್ಲಿ ಕೇಳಿಸಿದರೂ ಅವಳಿಗೆ ಗೊತ್ತಾಗುತ್ತದೆ.

ಬಾವಿಯೊಳಗಿಂದ ಪಿಸುದನಿ. “ಒಂದು...”

ಪಚ್... ಗುಂಯ್. “ಎರಡು...”

ಓಡಬೇಕು ಅಂತ ಮನಸ್ಸು, ಕಾಲು ಕದಲಲಿಲ್ಲ. ಮೂರು... ನಾಲ್ಕು... ಅವಸರವಿಲ್ಲದ ಹೆಂಗಸಿನ ದನಿ. ಏಳು... ಎಂಟು... ಒಂಬತ್ತು.

ಆಮೇಲೆ ಏನೂ ಇಲ್ಲ. ನರ್ಸಕ್ಕ ಕಾದಳು. ಹತ್ತು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿಂದ... ಪಚ್... ಗುಂಯ್. “ಒಂದು...”

ಆ ದನಿ ಯಾರದು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕಾಲು ಕದಲದೆ ಹೋದದ್ದು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಿಮಗೆ ತಿಳಿಯುವುದಿಲ್ಲ. ಹೊಟ್ಟೆ ಕೊಯ್ದಾಗ ರಕ್ತ ಹೀರಲು ಒಳಗೆ ಬಿಳಿ ಬಟ್ಟೆ ಇಡುತ್ತಾರೆ, ಕರ್ಚೀಫಿನಷ್ಟು ಅಗಲದ್ದು. ಹತ್ತು ಕೊಟ್ಟರೆ ಹತ್ತೂ ಹೊರಗೆ ಬರಬೇಕು. ಬಂದದ್ದನ್ನು ಎಣಿಸಿ ಹಾಳೆಯಲ್ಲಿ ಬರೆದ ಮೇಲೇ ಹೊಲಿಗೆ. ಆ ಆಸ್ಪತ್ರೆಯಲ್ಲಿ ಮೊದಲು ಒಬ್ಬ ಹಿರಿಯ ನರ್ಸು ಇದ್ದರು. ಎಲ್ಲರ ಬಾಯಲ್ಲೂ ಲೆಕ್ಕದಮ್ಮ. ಅಂಚು ಜಜ್ಜಿದ ಒಂದು ಸ್ಟೀಲ್ ಬೇಸಿನ್ ಅವರ ಕಾಲ ಬುಡದಲ್ಲೇ ಇರುತ್ತಿತ್ತು. ಬಟ್ಟೆ ಒಂದೊಂದಾಗಿ ಅದರೊಳಗೆ ಬೀಳಬೇಕು, ಅವರು ಬಾಯಿಬಿಟ್ಟು ಎಣಿಸಬೇಕು. ಲೆಕ್ಕ ತಪ್ಪಿದರೆ ಯಾವ ಡಾಕ್ಟರು ಕಣ್ಣು ಕೆಂಪಗೆ ಮಾಡಿದರೂ ಸೂಜಿ ಕೈಗೆ ಕೊಡುತ್ತಿರಲಿಲ್ಲ. ನರ್ಸಕ್ಕನಿಗೆ ಕೆಲಸ ಕಲಿಸಿದವರೂ ಅವರೇ.

ಲೆಕ್ಕದಮ್ಮ ನಿವೃತ್ತರಾದ ವಾರವೇ ದೊಡ್ಡ ಡಾಕ್ಟರು ಆ ಬೇಸಿನ್ ಬಾವಿಗೆ ಹಾಕಿಸಿದರು. ಅದರ ಸದ್ದಿಗೆ ತಲೆನೋವು ಬರುತ್ತದಂತೆ. ಅದರ ಜಾಗಕ್ಕೆ ಪ್ಲಾಸ್ಟಿಕ್ ಬಕೆಟ್ ಬಂತು. ಬಟ್ಟೆಯೆಲ್ಲ ಒಂದೇ ಮುದ್ದೆಯಾಗಿ ಬಕೆಟ್ಟಿಗೆ. ಎಣಿಸುವವರಿಲ್ಲ. ದಿನಕ್ಕೆ ಆರು ಆಪರೇಷನ್, ಒಂದು ಮುಗಿಯುವ ಮೊದಲೇ ಇನ್ನೊಂದು ಬಾಗಿಲಲ್ಲಿ. ಹಾಗಾಗಿ ನರ್ಸುಗಳು ಒಂದು ಉಪಾಯ ಕಂಡುಕೊಂಡರು. ಬೆಳಿಗ್ಗೆ ಟೀ ಕುಡಿಯುತ್ತಲೇ ಆ ದಿನದ ಆರೂ ಹಾಳೆಗಳಲ್ಲಿ ‘ಕೊಟ್ಟದ್ದು ಹತ್ತು, ಬಂದದ್ದು ಹತ್ತು’ ಅಂತ ಬರೆದು ಸಹಿ ಹಾಕಿಡುವುದು. ಹೊಟ್ಟೆ ಇನ್ನೂ ಕೊಯ್ದೇ ಇಲ್ಲ, ಬಟ್ಟೆ ಆಗಲೇ ವಾಪಸ್ ಬಂದಾಯಿತು! ಹೊಲಿಗೆಗೆ ಮುಂಚೆ ಡಾಕ್ಟರು ಕಾಟಾಚಾರಕ್ಕೆ “ಲೆಕ್ಕ?” ಅನ್ನುವುದು, ಇವರು ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ “ಸರಿ ಸರ್” ಅನ್ನುವುದು. ಥೂ, ಹೇಳುವಾಗಲೇ ನನಗೆ ಬಾಯಿ ಕಹಿಯಾಗುತ್ತದೆ.

ಮೊದಮೊದಲು ನರ್ಸಕ್ಕನಿಗೂ ಕಹಿಯಾಗಿತ್ತು. ಆಮೇಲೆ ರೂಢಿಯಾಯಿತು. ಹೇಸಿಗೆಯೂ ರೂಢಿಯಾಗುತ್ತದೆ, ಅದೇ ಅದರ ದೊಡ್ಡ ಹೇಸಿಗೆ.

ಆ ರಾತ್ರಿಗೆ ಒಂಬತ್ತು ದಿನ ಮೊದಲು ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳಿಗೆ ಆಪರೇಷನ್ ಆಗಿತ್ತು. ಗರ್ಭಕೋಶದಲ್ಲಿ ಗಡ್ಡೆ. ಮೂವತ್ತೂ ತುಂಬಿರಲಿಲ್ಲ. ನಾಲ್ಕನೇ ದಿನ ಮನೆಗೆ ಹೋದವಳು ಏಳನೇ ದಿನ ಜ್ವರ ಹೊತ್ತುಕೊಂಡು ವಾಪಸ್ ಬಂದಳು. ಬಾವಿಯ ಸದ್ದು ಕೇಳಿದ ದಿನವೇ ಮಧ್ಯಾಹ್ನ ನರ್ಸಕ್ಕ ವಾರ್ಡಿಗೆ ಹೋದಾಗ ಅವಳು ಹೊಟ್ಟೆ ಹಿಡಿದುಕೊಂಡು ಸಣ್ಣಗೆ ನಕ್ಕಿದ್ದಳು.

“ಮೇಲಿನ ಹೊಲಿಗೆ ಚೆನ್ನಾಗೇ ಹಾಕಿದೀರಿ ಸಿಸ್ಟರ್, ತಪ್ಪು ಹೇಳೋ ಹಾಗಿಲ್ಲ. ಆದ್ರೆ ಒಳಗಡೆ ಲೈನಿಂಗ್ ಮುದುಡಿಕೊಂಡ ಹಾಗಿದೆ.”

ನರ್ಸಕ್ಕ ಹೊದಿಕೆ ಎತ್ತಿದಳು. ವಾಸನೆ ಬಂತು. ಕೀವಿನ ವಾಸನೆ ಅವಳಿಗೆ ಹೊಸತಲ್ಲ, ಆದರೆ ಇದು ಬೇರೆ. ಒದ್ದೆ ಬಟ್ಟೆ ವಾರಗಟ್ಟಲೆ ಡಬ್ಬಿಯಲ್ಲಿ ಮುಚ್ಚಿಟ್ಟು ತೆಗೆದರೆ ಬರುತ್ತದಲ್ಲ, ಅದು. ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಕ್ಸರೇ ತೆಗೆಸೋಣವಾ ಅಂತ ಕೇಳಿದಳು.

“ಯಾಕೆ?” ಅಂದರು ಅವರು, ಮೊಬೈಲಿಂದ ಕಣ್ಣು ಎತ್ತದೆ.

“ಒಳಗೇನಾದ್ರೂ ಉಳಿದಿರಬಹುದಾ ಅಂತ...”

“ಹಾಳೇಲಿ ಲೆಕ್ಕ ಸರಿ ಇದೆ. ಸಹಿ ಯಾರದು?”

“ನಂದೇ ಸರ್.”

“ನಿಂದೇ ತಾನೆ? ಸರಿ ಇಲ್ಲ ಅಂದ್ರೆ ಈಗ್ಲೇ ಬರ್ಕೊಡು, ಕೆಲಸದಿಂದ ತೆಗೆಸ್ತೀನಿ. ಇಲ್ಲಾಂದ್ರೆ ಹೋಗು. ಅವಳಿಗೆ ಗ್ಯಾಸು, ಅಷ್ಟೆ.”

ಹೋದಳು. ನಮ್ಮ ನರ್ಸಕ್ಕ, ಗಟ್ಟಿಗಿತ್ತಿ, ಬಾಯಿಗೆ ಬೀಗ ಹಾಕಿಕೊಂಡು ಹೋಗಿ ಉಳಿದ ಪಾಳಿ ಮುಗಿಸಿದಳು. ಆ ಹುಡುಗಿಗೆ ಗ್ಯಾಸಿನ ಮಾತ್ರೆ ಕೊಟ್ಟದ್ದೂ ಇವಳೇ.

ಈಗ ಬಾವಿಯ ಹತ್ತಿರ ಅವಳು ಆ ಎಣಿಕೆ ಕೇಳುತ್ತ ನಿಂತಿದ್ದಳು. ಏಳು... ಎಂಟು... ಒಂಬತ್ತು... ಮತ್ತೆ ಮೌನ. ಅಭ್ಯಾಸಬಲ ನೋಡಿ, ಆ ಭಯದಲ್ಲೂ ಅವಳ ಬಾಯಿಂದ ಬಂದದ್ದು ಅದೇ ಮಾತು.

“ಸರಿ... ಸರಿ ಇದೆ ಅಂತ ಬರೆದಿದೀನಲ್ಲ ಅಮ್ಮ...”

ಜಾಲರಿಯ ಕೆಳಗಿನಿಂದ ಪಿಸುದನಿ ಬಂತು. “ಬರೆದೆ. ಎಣಿಸಿದೆಯಾ?”

ಲೆಕ್ಕದಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ನರ್ಸಕ್ಕ ಖುದ್ದಾಗಿ ಹೋಗಿ ಹೂವಿಟ್ಟು ಬಂದಿದ್ದಳು. ಬಾವಿಯ ಕಟ್ಟೆ ಹಿಡಿದುಕೊಂಡು ವಾಂತಿ ಮಾಡಿದಳು. ದೆವ್ವಕ್ಕೆ ಹೆದರಿ ಅಲ್ಲ ಅಂತ ಅವಳೇ ಹೇಳಿದ್ದು. ತನ್ನ ಬಾಯಿಂದ ಬಂದ ಆ ‘ಸರಿ’ಗೆ ಹೇಸಿಗೆಯಾಯಿತಂತೆ. ಬಾಯಿ ಒರೆಸಿಕೊಂಡು ತಿರುಗಿ ಆಸ್ಪತ್ರೆಗೆ ಓಡಿದಳು.

ರಾತ್ರಿ ಡ್ಯೂಟಿಯಲ್ಲಿ ಒಬ್ಬ ಚಿಕ್ಕ ಡಾಕ್ಟರಮ್ಮ ಇದ್ದಳು, ಹೊಸಬಳು. ಹುಡುಗಿಯ ಜ್ವರ ಅಷ್ಟರಲ್ಲಿ ಏರಿತ್ತು. ಉಸಿರು ಮೇಲೆ ಮೇಲೆ. ಕರೆದರೆ ಕಣ್ಣು ಬಿಡುತ್ತಿರಲಿಲ್ಲ.

“ಎಕ್ಸರೇ ತೆಗೀಬೇಕು ಡಾಕ್ಟ್ರೇ. ಈಗ್ಲೇ,” ಅಂದಳು ನರ್ಸಕ್ಕ. “ಒಳಗೆ ಬಟ್ಟೆ ಉಳಿದಿದೆ.”

“ಹಾಳೆ ನೋಡಿದೆ ಸಿಸ್ಟರ್. ಹತ್ತಕ್ಕೆ ಹತ್ತು ಅಂತಿದೆಯಲ್ಲ?”

“ಅದು ಸುಳ್ಳು. ನಾನೇ ಬರೆದದ್ದು. ಆಪರೇಷನ್ ಶುರುವಾಗೋಕೆ ಮುಂಚೆ, ಟೀ ಕುಡೀತಾ.”

ಚಿಕ್ಕ ಡಾಕ್ಟರಮ್ಮ ಅವಳ ಮುಖ ನೋಡಿದ ರೀತಿ ನರ್ಸಕ್ಕ ಇವತ್ತಿಗೂ ಮರೆತಿಲ್ಲ. ಚಪ್ಪಲಿಗೆ ಅಂಟಿದ್ದನ್ನು ನೋಡುತ್ತೇವಲ್ಲ, ಹಾಗೆ. ಎಕ್ಸರೇಗೆ ಚೀಟಿ ಬರೆದಳು.

ಆ ಬಟ್ಟೆಗಳಲ್ಲಿ ಒಂದು ದಾರ ಸೇರಿಸಿ ನೇಯ್ದಿರುತ್ತಾರೆ, ಎಕ್ಸರೇಯಲ್ಲಿ ಕಾಣಲಿ ಅಂತಲೇ. ಕಂಡಿತು. ಹೊಟ್ಟೆಯ ಎಡಗಡೆ, ಬೆಳ್ಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು.

ದೊಡ್ಡ ಡಾಕ್ಟರನ್ನು ಮನೆಯಿಂದ ಕರೆಸಿದರು. ನಿದ್ದೆಗೆಟ್ಟ ಸಿಟ್ಟಿನಲ್ಲೇ ಬಂದರು. ಎಕ್ಸರೇ ನೋಡಿದ ಮೇಲೆ ನೇರ ಥಿಯೇಟರಿಗೆ ನಡೆದರು. ಹಳೆಯ ಹೊಲಿಗೆ ಬಿಚ್ಚಿದಾಗ ಥಿಯೇಟರಿಗೆಲ್ಲ ಆ ವಾಸನೆ ಹಬ್ಬಿತು. ಮಾಸ್ಕಿನೊಳಗೇ ಆಯಾ ವಾಕರಿಸಿದಳು. ಹಸಿರು, ಕಂದು, ಲೋಳೆ... ಬೇಡ ಬಿಡಿ, ಊಟ ಮಾಡಿ ಕೂತಿದ್ದೀರಿ. ಇಕ್ಕಳದಲ್ಲಿ ಅದನ್ನು ಎಳೆದು ಡಾಕ್ಟರು ಪ್ಲಾಸ್ಟಿಕ್ ಬಕೆಟ್ಟಿಗೆ ಎಸೆದರು.

ಪಚ್... ಗುಂಯ್.

ಪ್ಲಾಸ್ಟಿಕ್ ಯಾವತ್ತಾದರೂ ಗುಂಯ್ ಅಂದದ್ದುಂಟಾ? ಆಯಾ ಬಕೆಟ್ ನೋಡಿದಳು, ನರ್ಸಕ್ಕನನ್ನು ನೋಡಿದಳು. ಈ ಸಲ ಹೊಲಿಗೆಗೆ ಮುಂಚೆ ನರ್ಸಕ್ಕ ಪ್ರತಿ ಬಟ್ಟೆಯನ್ನೂ ನೆಲದ ಮೇಲೆ ಹರಡಿಸಿ, ಬಾಯಿಬಿಟ್ಟು ಎಣಿಸಿ, ಆಮೇಲೇ ಸೂಜಿ ಕೊಟ್ಟಳು. ದೊಡ್ಡ ಡಾಕ್ಟರು ಹಲ್ಲು ಕಡಿದುಕೊಂಡು ಕಾದರು.

ಹುಡುಗಿ ಉಳಿದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವುದು ಬೇಡ. ಈಗ ಮತ್ತೆ ಹೊಲಿಗೆ ಮಷಿನ್ನಿನ ಮುಂದೆ ಕೂರುತ್ತಿದ್ದಾಳೆ.

ಆದರೆ ನನ್ನ ಹೊಟ್ಟೆ ಉರಿಯುವುದು ಆಮೇಲೆ ನಡೆದದ್ದಕ್ಕೆ. ದೊಡ್ಡ ಡಾಕ್ಟರು ನಲ್ಲಿಯ ಮುಂದೆ ನಿಂತು ಮೊಣಕೈವರೆಗೂ ಸೋಪು ಹಚ್ಚಿ ತೊಳೆದರು. ತೊಳೆಯುತ್ತಾ ಸಣ್ಣಗೆ ಸಿಳ್ಳೆ ಹಾಕುತ್ತಿದ್ದರಂತೆ.

“ಕೀವುಗಡ್ಡೆ ಇತ್ತು, ತೆಗೆದ್ವಿ ಅಂತ ಬರಿ,” ಅಂದರು. “ಮನೆಯವರಿಗೂ ಅದೇ ಹೇಳು. ಮನೇಲಿ ಶುಚಿಯಾಗಿ ನೋಡ್ಕೊಳ್ಳಲಿಲ್ಲ, ಅದಕ್ಕೇ ಹೀಗಾಯ್ತು ಅನ್ನು. ಬಟ್ಟೆ ಸುಟ್ಟುಹಾಕ್ಸು. ನಿನ್ನ ಹಾಳೆ ನನ್ನ ಹತ್ರ ಇರತ್ತೆ, ಯೋಚನೆ ಮಾಡಬೇಡ.”

ತಿಪ್ಪೆ ಸಾರಿಸುವುದು ಅನ್ನುತ್ತೇವಲ್ಲ, ಅದನ್ನು ಅಷ್ಟು ಬೆಳ್ಳಗಿನ ಕೈಯಲ್ಲಿ ಮಾಡುವುದನ್ನು ನರ್ಸಕ್ಕ ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ ನೋಡಿದ್ದಳೋ. ಆ ರಾತ್ರಿ ಮಾತ್ರ ನೋಡಲಾಗಲಿಲ್ಲ. ಗ್ಲೌಸು ಕಳಚಿ ಅವರ ಕಾಲ ಹತ್ತಿರವೇ ಬಿಸಾಕಿ ಹೊರಗೆ ಬಂದಳು.

ಹೊರಗೆ ಬೆಂಚಿನ ಮೇಲೆ ಹುಡುಗಿಯ ತಾಯಿ ಕೂತಿದ್ದಳು. ಎರಡು ರಾತ್ರಿಯಿಂದ ಮಗಳ ಮಂಚ ಬಿಟ್ಟು ಕದಲದವಳು. ನರ್ಸಕ್ಕ ಅವಳ ಮುಂದೆ ನಿಂತಳು.

“ಅಮ್ಮ, ನಿಮ್ಮ ಮಗಳ ಹೊಟ್ಟೇಲಿ ನಾವು ಬಟ್ಟೆ ಬಿಟ್ಟಿದ್ವಿ. ಈಗ ತೆಗೆದ್ವಿ. ನೀವು ನೋಡ್ಕೊಂಡಿದ್ದರಲ್ಲಿ ಏನೂ ತಪ್ಪಿಲ್ಲ. ಎಣಿಸದೇನೇ ಸರಿ ಇದೆ ಅಂತ ಬರೆದವಳು ನಾನು. ಎಲ್ಲಿ ಕೇಳಿದ್ರೂ ಹೇಳ್ತೀನಿ, ಬರ್ಕೊಡ್ತೀನಿ.”

ತಾಯಿ ಬೈಯಲಿಲ್ಲ, ಅಳಲೂ ಇಲ್ಲ. ದನಿ ತಗ್ಗಿಸಿ ಕೇಳಿದಳು.

“ಓ... ಅದಕ್ಕೇನಾ ಆ ಅಜ್ಜಿ ಅಲ್ಲಿ ಕೂತ್ಕೊಂಡು ಎಣಿಸ್ತಿದ್ದದ್ದು?”

“ಯಾವ... ಅಜ್ಜಿ?”

“ನಿಮ್ಮೋರೇ. ಬಿಳೀ ಡ್ರೆಸ್ಸು, ತಲೆ ಮೇಲೆ ಹಳೇ ಕಾಲದ ಟೋಪಿ. ಎರಡು ರಾತ್ರಿಯಿಂದ ಇವಳ ಮಂಚದ ಪಕ್ಕ ಕೂತಿರ್ತಾರೆ. ಏನು ಸಿಸ್ಟರ್ ಎಣಿಸ್ತಿದೀರಿ ಅಂದೆ. ಒಂದು ಕಡಿಮೆ ಇದೆ ಕಣಮ್ಮ, ಬರ್ಬೇಕಾದವಳು ಇನ್ನೂ ಬಂದಿಲ್ಲ ಅಂದ್ರು. ಇವತ್ತು ಹನ್ನೊಂದು ಗಂಟೆಗೆ ಎದ್ದು, ಕರ್ಕೊಂಡು ಬರ್ತೀನಿ ಅಂತ ಹೋದ್ರು.”

ಇಷ್ಟೇ ನಡೆದದ್ದು. ನರ್ಸಕ್ಕ ಹೇಳಿದ ಹಾಗೆಯೇ ಬರೆದುಕೊಟ್ಟಳು. ಥಿಯೇಟರಿನಿಂದ ತೆಗೆದು ಅವಳನ್ನು ಚೀಟಿ ಕೊಡುವ ಕಿಟಕಿಗೆ ಹಾಕಿದ್ದಾರೆ. ದೊಡ್ಡ ಡಾಕ್ಟರು ವಿಚಾರಣೆಯ ನಡುವೆಯೂ ದಿನಕ್ಕೆ ಆರು ಆಪರೇಷನ್ ಮಾಡುತ್ತಲೇ ಇದ್ದಾರೆ. ದೆವ್ವಕ್ಕೆ ಹೆದರಬೇಕಾ, ಇವರಿಗೆ ಹೆದರಬೇಕಾ, ನೀವೇ ಹೇಳಿ.

ನಗುತ್ತಿದ್ದೀರಿ. ನಗಿ. ಅವಳು ಇದನ್ನು ಹೇಳಿದ ಮಾರನೇ ದಿನ ನಾನೇ ಆಸ್ಪತ್ರೆಗೆ ಹೋಗಿದ್ದೆ, ಆಯಾಳನ್ನು ಕರೆದುಕೊಂಡು ಬಾವಿಯನ್ನೂ ನೋಡಿದೆ. ಬೀಗಕ್ಕೆ ತುಕ್ಕು ಹಿಡಿದು ಕೀಲಿ ತಿರುಗಲೇ ಇಲ್ಲ. ಜಾಲರಿಯ ಮೇಲೆ ಜೇಡರಬಲೆ ಹರಿದಿರಲಿಲ್ಲ. ಆಮೇಲೆ ವಾರ್ಡಿಗೆ ಹೋದೆವು. ಹುಡುಗಿಯ ಮಂಚದ ಕೆಳಗೆ, ಗೋಡೆಯ ಕಡೆಗೆ, ಅಂಚು ಜಜ್ಜಿದ ಒಂದು ಸ್ಟೀಲ್ ಬೇಸಿನ್ ಇತ್ತು. ಒಳಗೆ ಏನೂ ಇರಲಿಲ್ಲ. ನಾನು ಬೆರಳಿಟ್ಟು ನೋಡಿದೆ. ತಳ ಒದ್ದೆಯಾಗಿತ್ತು.